ತವರಿನ ಹಂಬಲ ಮತ್ತು ಕನ್ನಡದ ಭಾವುಕ ಚಲನಚಿತ್ರ: ಪ್ರೇಕ್ಷಕಾಭಿಪ್ರಾಯದ ಚಾರಿತ್ರಿಕ ಅವಲೋಕನ

ಕನ್ನಡ ಚಲನಚಿತ್ರದ ಚರಿತ್ರೆಯನ್ನು ನಿರ್ದೇಶಕರು, ಕಲಾವಿದರು, ನಿರ್ಮಾಣ ಸಂಸ್ಥೆಗಳು ಹಾಗೂ ಪ್ರಶಸ್ತಿಗಳ ಆಧಾರದ ಮೇಲೆ ಬರೆಯುವ ಕ್ರಮ ರೂಢಿಯಲ್ಲಿದೆ. ಈ ಚರಿತ್ರೆಯಲ್ಲಿ ಪ್ರೇಕ್ಷಕರು ಕಾಣಿಸಿಕೊಳ್ಳುವುದು ಬಹುಮಟ್ಟಿಗೆ ಸಂಖ್ಯೆಯಾಗಿ ಮಾತ್ರ. ಚಿತ್ರ ಎಷ್ಟು ವಾರ ಓಡಿತು, ಎಷ್ಟು ಕೇಂದ್ರಗಳಲ್ಲಿ ನೂರು ದಿನ ಪೂರೈಸಿತು ಎಂಬ ವಿವರಗಳು ದೊರೆಯುತ್ತವೆ. ಆದರೆ ಚಿತ್ರ ನೋಡಿ ಹೊರಬಂದವರು ಏನು ಹೇಳಿದರು, ಯಾವುದನ್ನು ಒಪ್ಪಿದರು, ಯಾವುದನ್ನು ತಳ್ಳಿಹಾಕಿದರು ಎಂಬುದರ ದಾಖಲೆ ವಿರಳ. ಜನರನ್ನು ಅಳಿಸುವ ಚಿತ್ರಗಳ ವಿಷಯದಲ್ಲಂತೂ ಈ ಕೊರತೆ ಇನ್ನಷ್ಟು ಎದ್ದು ಕಾಣುತ್ತದೆ. ಅಂಥ ಚಿತ್ರಗಳನ್ನು 'ಕಣ್ಣೀರಧಾರೆ' ಎಂದು ವಿಮರ್ಶೆ ಬದಿಗಿರಿಸಿದಾಗ ಅವುಗಳ ಪ್ರೇಕ್ಷಕರ ಅಭಿಪ್ರಾಯವೂ ಅದರೊಡನೆ ಬದಿಗೆ ಸರಿಯಿತು.

ಭಾವುಕ ಚಿತ್ರಗಳ ಪ್ರೇಕ್ಷಕ ವರ್ಗದಲ್ಲಿ ಹೆಣ್ಣುಮಕ್ಕಳದು ದೊಡ್ಡ ಪಾಲು. ಚಿತ್ರಮಂದಿರಕ್ಕೆ ಬರುವ ಮೊದಲೇ ಅವರ ಬಳಿ ದುಃಖವನ್ನು ಹೇಳುವ, ಕೇಳುವ ಮತ್ತು ತೂಗುವ ಒಂದು ಪರಂಪರೆ ಇದ್ದಿತು. ಬೀಸುವ ಕಲ್ಲಿನ ಹಾಡು, ಹೆಣ್ಣೊಪ್ಪಿಸುವ ಹಾಡು, ಕಥನಗೀತೆ ಮತ್ತು ಕಂಪನಿ ನಾಟಕಗಳಿಂದ ಆ ಪರಂಪರೆ ರೂಪುಗೊಂಡಿತ್ತು. ಆ ಹಿನ್ನೆಲೆಯನ್ನು ಗಮನಕ್ಕೆ ತಂದುಕೊಂಡು ನೋಡಿದಾಗ ಕನ್ನಡದ ಭಾವುಕ ಚಿತ್ರಗಳ ಬಗೆಗೆ ಸಾಮಾನ್ಯ ಪ್ರೇಕ್ಷಕಿ ಆಡುವ ಮಾತು ಮುಗ್ಧ ಮೆಚ್ಚುಗೆಗಿಂತ ಭಿನ್ನವಾದುದೆಂದು ತಿಳಿಯುತ್ತದೆ. ಅದೊಂದು ಬಗೆಯ ವಿಮರ್ಶೆ. ಪ್ರಸ್ತುತ ಲೇಖನವು ತವರಿನ ವಸ್ತುವನ್ನು ಮುಖ್ಯ ನಿದರ್ಶನವಾಗಿ ಇರಿಸಿಕೊಂಡು ಈ ಮಾತನ್ನು ಪರಿಶೀಲಿಸುತ್ತದೆ.

೧. ಪರಿಭಾಷೆಯ ಪ್ರಶ್ನೆ

ಭಾವುಕತೆಯನ್ನು ಸೂಚಿಸಲು ಕನ್ನಡ ಪ್ರೇಕ್ಷಕರು ಬಳಸುವ ಪದ 'ಸೆಂಟಿಮೆಂಟ್'. ಇಂಗ್ಲಿಷಿನಿಂದ ಬಂದ ಈ ಪದ ಕನ್ನಡದಲ್ಲಿ ತನ್ನದೇ ಅರ್ಥವನ್ನು ಪಡೆದುಕೊಂಡಿದೆ. 'ತಾಯಿ ಸೆಂಟಿಮೆಂಟ್', 'ಅಣ್ಣ ತಂಗಿ ಸೆಂಟಿಮೆಂಟ್' ಎನ್ನುವಾಗ ಅದು ಕೇವಲ ಭಾವನೆಯನ್ನು ಹೇಳದೆ ಒಂದು ನಿರ್ದಿಷ್ಟ ನಂಟಸ್ತನವನ್ನೂ ಆ ನಂಟಸ್ತನಕ್ಕೆ ಸಲ್ಲಬೇಕಾದ ನಡವಳಿಕೆಯನ್ನೂ ಹೇಳುತ್ತದೆ. ಚಿತ್ರೋದ್ಯಮದವರ ಬಾಯಲ್ಲಿ ಇದೇ ಪದಕ್ಕೆ ಶುಭಾಶುಭ ನಂಬಿಕೆ ಎಂಬ ಅರ್ಥವೂ ಇದೆ. ಇಂಥ ದಿನ ಮುಹೂರ್ತ ಮಾಡಿದರೆ, ಇಂಥ ಅಕ್ಷರದಿಂದ ಹೆಸರಿಟ್ಟರೆ ಒಳಿತೆಂಬುದು ಅವರ ಸೆಂಟಿಮೆಂಟ್. ಎರಡೂ ಅರ್ಥಗಳಲ್ಲಿ ಸಾಮಾನ್ಯವಾದ ಅಂಶ ಕಟ್ಟುಪಾಡು. ಭಾವನೆಯನ್ನು ವ್ಯಕ್ತಿಯ ಒಳಗಿನ ಸಂಗತಿಯಾಗಿ ಕಾಣದೆ ಸಂಬಂಧವೊಂದರ ನಿಯಮವಾಗಿ ಕಾಣುವ ದೃಷ್ಟಿ ಇಲ್ಲಿದೆ.

ಗತದ ಬಗೆಗಿನ ಹಂಬಲಕ್ಕೆ ಕನ್ನಡ ವಿಮರ್ಶೆ 'ಹಳಹಳಿಕೆ' ಎಂಬ ಪದವನ್ನು ಬಳಸುತ್ತದೆ. ಇದರಲ್ಲಿ ತುಸು ನಿಂದೆಯ ಛಾಯೆಯಿದೆ. ಪಶ್ಚಿಮದಲ್ಲಿ ಇದೇ ಭಾವಕ್ಕೆ ಬಳಕೆಯಲ್ಲಿರುವ 'ನಾಸ್ಟಾಲ್ಜಿಯ' ಎಂಬ ಪದವನ್ನು ೧೬೮೮ರಲ್ಲಿ ಯೋಹಾನ್ನೆಸ್ ಹೋಫರ್ ಎಂಬ ವೈದ್ಯನು ರೂಪಿಸಿದನು. ಪರನಾಡಿನಲ್ಲಿ ದುಡಿಯುವವರಿಗೆ, ಅದರಲ್ಲೂ ಸ್ವಿಸ್ ಸೈನಿಕರಿಗೆ ತಗಲುವ ಮನೆಗೀಳನ್ನು ರೋಗವೆಂದು ಪರಿಗಣಿಸಿ ಇಟ್ಟ ಹೆಸರು ಅದು. ಎಂದರೆ ಆರಂಭದಲ್ಲಿ ಆ ಪದ ಹಳೆಯ ಕಾಲಕ್ಕೆ ಸಂಬಂಧಿಸಿರದೆ ದೂರವಾದ ಮನೆಗೆ ಸಂಬಂಧಿಸಿತ್ತು. ಕನ್ನಡ ಜನಪದದಲ್ಲಿ ಈ ಮೂಲಾರ್ಥಕ್ಕೆ ಬಹಳ ಸಮೀಪವಾದ ಒಂದು ಪರಿಕಲ್ಪನೆ ಇದೆ. ಅದು 'ತವರು'. ಮದುವೆಯೆಂಬ ಕಾರಣಕ್ಕಾಗಿ ಹುಟ್ಟಿದ ಮನೆಯನ್ನು ಬಿಟ್ಟುಹೋಗುವ ಹೆಣ್ಣಿಗೆ ತವರು ಏಕಕಾಲಕ್ಕೆ ಸ್ಥಳವೂ ಹೌದು, ಕಳೆದ ಬಾಲ್ಯವೂ ಹೌದು. ಗಂಡಿಗೆ ತವರಿಲ್ಲ. ಆತ ಹುಟ್ಟಿದ ಮನೆಯಲ್ಲೇ ಉಳಿಯುತ್ತಾನೆ. ಆದುದರಿಂದ ಜನಪದ ಸಾಹಿತ್ಯದಲ್ಲಿ ಮನೆಯ ಹಂಬಲವೆಂಬುದು ಪ್ರಧಾನವಾಗಿ ಹೆಣ್ಣಿನ ಅನುಭವವಾಗಿದೆ.

೨. ಹಾಡಿನಲ್ಲಿ ತವರು

ಹಲಸಂಗಿ ಗೆಳೆಯರು ೧೯೩೧ರಲ್ಲಿ ಪ್ರಕಟಿಸಿದ 'ಗರತಿಯ ಹಾಡು' ಸಂಕಲನದಿಂದ ಮೊದಲ್ಗೊಂಡು ಇದುವರೆಗೆ ಪ್ರಕಟವಾಗಿರುವ ತ್ರಿಪದಿ ಸಂಗ್ರಹಗಳಲ್ಲಿ ತವರಿನ ಪದಗಳಿಗೆ ದೊಡ್ಡ ಸ್ಥಾನವಿದೆ. ಈ ಪದಗಳನ್ನು ತವರಿನ ಹೊಗಳಿಕೆ ಎಂದಷ್ಟೇ ಓದುವುದು ವಾಡಿಕೆ. ಗಮನವಿಟ್ಟು ನೋಡಿದರೆ ಅವುಗಳಲ್ಲಿ ಮೂರು ನಿಲುವುಗಳು ಹೆಣೆದುಕೊಂಡಿವೆ.

ಮೊದಲನೆಯದು ಹರಕೆ. ತವರಿನ ಹೊಲ, ಹಟ್ಟಿ, ತಮ್ಮಂದಿರು ಬೆಳೆಯಲಿ ಎಂದು ಮಗಳು ಹಾರೈಸುತ್ತಾಳೆ. ಎರಡನೆಯದು ನಿರೀಕ್ಷೆ. ಉತ್ತರ ಕರ್ನಾಟಕದಲ್ಲಿ ನಾಗರಪಂಚಮಿಗೆ ಕರೆಯಲು ಬರುವ ಅಣ್ಣನ ದಾರಿ ಕಾಯುವ ಪದಗಳು ಹೇರಳವಾಗಿವೆ. ಮೂರನೆಯದು ದೂರು. ತಾಯಿ ಇರುವ ತನಕ ಮಾತ್ರ ತವರೆಂದೂ, ಅತ್ತಿಗೆಯ ಕೈಗೆ ಮನೆ ಹೋದ ಮೇಲೆ ಬಾಗಿಲಲ್ಲಿ ನಿಂತು ಮಾತನಾಡಿಸುವವರಿಲ್ಲವೆಂದೂ ಹಾಡುವಾಗ ಹೆಣ್ಣು ತನ್ನ ಹಕ್ಕಿನ ಅಸ್ಥಿರತೆಯನ್ನು ಗುರುತಿಸುತ್ತಾಳೆ. ಅಂಥ ಹಾಡುಗಳಲ್ಲಿ ಅತ್ತಿಗೆ ಕೆಟ್ಟವಳಾಗಿ ಬರುವುದಕ್ಕೆ ಆಕೆಯ ಗುಣ ಮಾತ್ರ ಕಾರಣವಲ್ಲ. ಆ ಮನೆಯಲ್ಲಿ ಮಗಳಿಗೆ ಉಳಿದಿರುವ ಸ್ಥಾನ ಇತರರ ಮರ್ಜಿಯನ್ನು ಅವಲಂಬಿಸಿದೆ ಎಂಬುದೇ ಮೂಲ ಕಾರಣ. ಹಾಡುವವಳೂ ಇನ್ನೊಂದು ಮನೆಗೆ ಅತ್ತಿಗೆಯೇ ಎಂಬುದನ್ನು ಕೇಳುವವರು ಬಲ್ಲರು.

ದಕ್ಷಿಣ ಕರ್ನಾಟಕದಲ್ಲಿ ಗೌರಿ ಹಬ್ಬಕ್ಕೆ ತವರಿನವರು ಮಗಳಿಗೆ ಬಾಗಿನ ಕೊಡುವ, ಅರಿಸಿನ ಕುಂಕುಮದ ಹಣ ಕೊಡುವ ಪದ್ಧತಿ ಇದೆ. ಮೊರದಲ್ಲಿ ಬಳೆ, ಬಿಚ್ಚೋಲೆ, ಧಾನ್ಯ, ಕುಪ್ಪಸದ ಕಣ ಇಟ್ಟು ಕೊಡುವ ಈ ಬಾಗಿನ ಆಸ್ತಿಯಲ್ಲಿ ಸಲ್ಲದ ಭಾಗಕ್ಕೆ ಬದಲಾಗಿ ವರ್ಷಕ್ಕೊಮ್ಮೆ ಸಲ್ಲುವ ಪ್ರೀತಿಯ ಕಾಣಿಕೆ. ಬಾಗಿನ ತವರಿನವರು ಕೊಡುವುದು; ಭಾಗ ಕೇಳಿ ಪಡೆಯುವುದು. ಈ ವ್ಯತ್ಯಾಸ ಮುಂದಿನ ಚರ್ಚೆಗೆ ಅಗತ್ಯ.

ಕಥನಗೀತೆಗಳಲ್ಲಿ ಈ ವಸ್ತು ಇನ್ನಷ್ಟು ಗಾಢವಾಗುತ್ತದೆ. 'ಕೆರೆಗೆ ಹಾರ'ದ ಭಾಗೀರಥಿ ತನ್ನನ್ನು ಕೆರೆಗೆ ಬಲಿಕೊಡುವರೆಂದು ತಿಳಿದು ತವರಿಗೆ ಬರುತ್ತಾಳೆ. ನಿಜವನ್ನು ಹೇಳಲಾರದೆ ಗಂಡನ ಮನೆಯವರು ತನ್ನನ್ನು ಬೇರೆ ಇಡುವರಂತೆ ಎಂದಷ್ಟೇ ಹೇಳುತ್ತಾಳೆ. ತಂದೆ ಹೊಲಮನೆ ಕೊಡಿಸುವ ಮಾತನಾಡುತ್ತಾನೆ. ಆ ಮಾತು ಆಕೆಗೆ ಬೇಡವಾಗುತ್ತದೆ. ಮಗಳ ಮುಖವನ್ನು ಓದಲಾರದ ತವರು ಹೊಲಮನೆ ಕೊಟ್ಟರೂ ತವರಾಗದು ಎಂಬ ಕಟುವಾದ ತೀರ್ಮಾನ ಆ ಪ್ರಸಂಗದಲ್ಲಿದೆ. ಆಸ್ತಿಯಿಲ್ಲದ ಪ್ರೀತಿ ಅಸ್ಥಿರವಾದುದು, ಗಮನವಿಲ್ಲದ ಆಸ್ತಿ ವ್ಯರ್ಥವಾದುದು ಎಂಬ ಎರಡೂ ತಿಳಿವಳಿಕೆಗಳನ್ನು ಜನಪದ ಹೀಗೆ ಒಟ್ಟಿಗೆ ಇರಿಸಿಕೊಂಡಿದೆ.

ಗೋವಿನ ಹಾಡಿನಲ್ಲಿ ಕರುಣೆಯ ಬೇರೊಂದು ವಿನ್ಯಾಸವಿದೆ. ಪುಣ್ಯಕೋಟಿ ಕರುವನ್ನು ಬಳಗದ ಹಸುಗಳಿಗೆ ಒಪ್ಪಿಸಿ ಹುಲಿಯ ಬಳಿಗೆ ಮರಳುತ್ತಾಳೆ. ಅವಳ ಸತ್ಯಕ್ಕೆ ಸೋತ ಹುಲಿ ಅವಳನ್ನು ಒಡಹುಟ್ಟಿದ ಅಕ್ಕನೆಂದು ಕರೆದು ತಾನೇ ಪ್ರಾಣ ಬಿಡುತ್ತದೆ. ಕೊಲ್ಲಬೇಕಾಗಿದ್ದವನು ಸೋದರನಾಗುವ, ಸೋದರನಾದವನು ತನ್ನನ್ನು ತಾನೇ ಬಿಟ್ಟುಕೊಡುವ ಈ ತಿರುವು ಶಾಲಾ ಪಠ್ಯದ ಮೂಲಕವೂ ಹಲವು ತಲೆಮಾರುಗಳ ಕನ್ನಡಿಗರನ್ನು ತಲುಪಿದೆ. ತ್ಯಾಗಮಾಡುವ ಅಣ್ಣನ ಚಿತ್ರಣವನ್ನು ಕನ್ನಡ ಪ್ರೇಕ್ಷಕರು ಸುಲಭವಾಗಿ ಒಪ್ಪಿಕೊಂಡುದಕ್ಕೆ ಇಂಥ ಪರಿಚಯವೂ ನೆರವಾಗಿರಬೇಕು.

೩. ರಂಗಭೂಮಿಯಿಂದ ಪರದೆಗೆ

ಕರುಣರಸವನ್ನು ಸಮೂಹವಾಗಿ ಕುಳಿತು ಅನುಭವಿಸುವ ಅಭ್ಯಾಸವನ್ನು ಬೆಳೆಸಿದುದರಲ್ಲಿ ಕಂಪನಿ ನಾಟಕಗಳ ಪಾತ್ರ ದೊಡ್ಡದು. ರಾಘವಾಂಕನ ಕಾವ್ಯದಿಂದ ಹಳ್ಳಿಯ ಬಯಲಾಟದವರೆಗೆ ಹರಿದುಬಂದ ಹರಿಶ್ಚಂದ್ರನ ಕಥೆ ಈ ರಂಗಭೂಮಿಯ ಮುಖ್ಯ ವಸ್ತುಗಳಲ್ಲೊಂದು. ಮಗನ ಹೆಣವನ್ನು ತಂದ ಚಂದ್ರಮತಿಯಿಂದ ಸುಡುಗಾಡಿನ ತೆರವನ್ನು ಗಂಡನೇ ಕೇಳುವ ದೃಶ್ಯಕ್ಕೆ ಪ್ರೇಕ್ಷಕರು ಅಳುತ್ತಿದ್ದರು. ಕಥೆಯ ಕೊನೆ ತಿಳಿದಿದ್ದರೂ ಅಳುತ್ತಿದ್ದರು. ಮುಂದೇನಾಗುವುದೋ ಎಂಬ ಕುತೂಹಲದಿಂದ ಹುಟ್ಟುವ ಅಳು ಇದಾಗಿರಲಿಲ್ಲ. ತಿಳಿದ ದುಃಖವನ್ನು ಇಂದಿನ ನಟ ಹೇಗೆ ಹೊರುತ್ತಾನೆ ಎಂಬುದನ್ನು ನೋಡುವ, ತೂಗುವ ಅಳು ಇದಾಗಿತ್ತು. ಭಾರತೀಯ ಕಾವ್ಯಮೀಮಾಂಸೆ ಸಾಧಾರಣೀಕರಣವೆಂದು ಕರೆದ ಪ್ರಕ್ರಿಯೆಯನ್ನು ಶಾಸ್ತ್ರ ಓದದ ಪ್ರೇಕ್ಷಕರು ಹೀಗೆ ರೂಢಿಯಿಂದ ಬಲ್ಲವರಾಗಿದ್ದರು.

ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' ೧೯೩೪ರಲ್ಲಿ ತೆರೆಕಂಡಿತು. ಎರಡು ವರ್ಷಗಳಲ್ಲೇ, ೧೯೩೬ರಲ್ಲಿ, ಎಚ್.ಎಲ್.ಎನ್. ಸಿಂಹ ಅವರ 'ಸಂಸಾರ ನೌಕೆ' ಸಮಕಾಲೀನ ಕುಟುಂಬದ ಕಷ್ಟವನ್ನು ಪರದೆಗೆ ತಂದಿತು. ೧೯೫೮ರಲ್ಲಿ ಬಂದ ಎರಡು ಚಿತ್ರಗಳು ಮುಂದಿನ ಭಾವುಕ ಚಿತ್ರಗಳಿಗೆ ಎರಡು ದಾರಿಗಳನ್ನು ಹಾಕಿದುವೆನ್ನಬಹುದು. ಬಿ.ಆರ್. ಪಂತುಲು ಅವರ 'ಸ್ಕೂಲ್ ಮಾಸ್ಟರ್' ಮಕ್ಕಳಿಂದ ಅನಾದರಕ್ಕೊಳಗಾದ ವೃದ್ಧ ತಂದೆ ತಾಯಿಯರ ಕಥೆ. ಕು.ರ. ಸೀತಾರಾಮಶಾಸ್ತ್ರಿಯವರ 'ಅಣ್ಣ ತಂಗಿ' ಹೆಸರೇ ಹೇಳುವಂತೆ ಒಡಹುಟ್ಟಿದವರ ಕಥೆ. ಮೊದಲ ವಸ್ತು ೨೦೧೭ರ 'ರಾಜಕುಮಾರ' ಚಿತ್ರದಲ್ಲಿ ವೃದ್ಧಾಶ್ರಮದ ರೂಪದಲ್ಲಿ ಮತ್ತೆ ಕಾಣಿಸಿಕೊಂಡಿತು. ಎರಡನೆಯದರ ಹೆಸರು ೨೦೦೫ರಲ್ಲಿ ಇನ್ನೊಂದು ಚಿತ್ರಕ್ಕೆ ಮರಳಿ ಬಂದಿತು.

ಈ ಚಿತ್ರಗಳನ್ನು ಹಳ್ಳಿಗೆ ಮುಟ್ಟಿಸಿದುದು ಟೂರಿಂಗ್ ಟಾಕೀಸು. ಘಂಟಸಾಲರ ಭಕ್ತಿಗೀತೆಯ ತಟ್ಟೆಯನ್ನು ಹಾಕಿದರೆ ಆಟ ಶುರುವಾಗುವುದೆಂದು ಸುತ್ತಲ ಊರುಗಳಿಗೆ ತಿಳಿಯುತ್ತಿತ್ತು. ಡೇರೆಯೊಳಗೆ ನೆಲದ ಮೇಲೆ ಹೆಂಗಸರಿಗೇ ಬೇರೆಯಾದ ಜಾಗವಿರುತ್ತಿತ್ತು. ಈ ಪ್ರತ್ಯೇಕತೆಯಿಂದ ಒಂದು ಫಲವಾಯಿತು. ಗಂಡಸರ ಕಣ್ಣು ತಪ್ಪಿಸಿ ಅಳಬಹುದಾದ, ಪಕ್ಕದವಳೊಡನೆ ಪಾತ್ರಗಳ ನ್ಯಾಯಾನ್ಯಾಯವನ್ನು ಮಾತನಾಡಬಹುದಾದ ಸ್ಥಳವೊಂದು ಹೆಣ್ಣುಮಕ್ಕಳಿಗೆ ದೊರೆಯಿತು. ಬೀಸುವ ಕಲ್ಲಿನ ಮುಂದೆ ಇಬ್ಬರು ಕುಳಿತು ಹಾಡುತ್ತಿದ್ದ ಕಾಲದಲ್ಲಿ ದೊರೆಯುತ್ತಿದ್ದುದೂ ಇಂಥದೇ ಸ್ಥಳ. ಹಿಟ್ಟಿನ ಗಿರಣಿ ಬಂದು ಬೀಸುವ ಹಾಡು ಹಿಂದೆ ಸರಿದಾಗ ಅದು ತೆರವು ಮಾಡಿದ ಜಾಗದ ಒಂದಂಶವನ್ನು ಡೇರೆಯ ಚಿತ್ರ ತುಂಬಿತು.

೪. ಕೊಡುವ ಕೈ: ೧೯೭೧-೭೨ರ ಚಿತ್ರಗಳು

ಕನ್ನಡದ ಭಾವುಕ ಚಿತ್ರಗಳ ಚರಿತ್ರೆಯಲ್ಲಿ ೧೯೭೧ ಮತ್ತು ೧೯೭೨ ಮುಖ್ಯ ವರ್ಷಗಳು. ದೊರೈ ಭಗವಾನ್ ನಿರ್ದೇಶನದ 'ಕಸ್ತೂರಿ ನಿವಾಸ' ೧೯೭೧ರಲ್ಲಿಯೂ, ಟಿ.ಕೆ. ರಾಮರಾವ್ ಅವರ ಕಾದಂಬರಿಯನ್ನು ಆಧರಿಸಿ ಸಿದ್ದಲಿಂಗಯ್ಯ ನಿರ್ದೇಶಿಸಿದ 'ಬಂಗಾರದ ಮನುಷ್ಯ' ೧೯೭೨ರಲ್ಲಿಯೂ ತೆರೆಕಂಡವು. ಎರಡರಲ್ಲಿಯೂ ರಾಜಕುಮಾರ್ ನಾಯಕರು. ಎರಡರಲ್ಲಿಯೂ ನಾಯಕ ಕೊಡುತ್ತಾ ಹೋಗುತ್ತಾನೆ. ಕೊನೆಗೆ ಕೊಟ್ಟವನ ಬಳಿ ಏನೂ ಉಳಿಯುವುದಿಲ್ಲ.

'ಬಂಗಾರದ ಮನುಷ್ಯ'ದ ರಾಜೀವ ಭಾವನ ಮರಣದ ನಂತರ ಅಕ್ಕನ ಸಂಸಾರಕ್ಕೆ ಆಸರೆಯಾಗಿ ನಿಲ್ಲುತ್ತಾನೆ. ಬರಡು ನೆಲವನ್ನು ಹಸನು ಮಾಡುತ್ತಾನೆ. ಬೆಳೆದ ಸೋದರಳಿಯ ಅವನನ್ನೇ ಸಂಶಯಿಸಿದಾಗ ಮನೆ ಬಿಟ್ಟು ಹೊರಡುತ್ತಾನೆ. ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಈ ಚಿತ್ರ ಎರಡು ವರ್ಷ ಪ್ರದರ್ಶನ ಕಂಡಿತು. ಇದನ್ನು ನೋಡಿ ಓದಿದ ಯುವಕರು ಬೇಸಾಯಕ್ಕೆ ಮರಳಿದರೆಂಬ ಮಾತು ಇಂದಿಗೂ ಪ್ರಚಲಿತವಾಗಿದೆ. ಅದರ ನಿಜ ಎಷ್ಟೇ ಇರಲಿ, ಅಂಥ ಮಾತು ಹುಟ್ಟಿ ಉಳಿದಿರುವುದೇ ಪ್ರೇಕ್ಷಕರು ಚಿತ್ರವನ್ನು ಬದುಕಿನ ಮಾದರಿಯಾಗಿ ಸ್ವೀಕರಿಸಿದುದಕ್ಕೆ ಸಾಕ್ಷಿ.

ಜನಪದ ದೃಷ್ಟಿಯಿಂದ ಇಲ್ಲಿ ಒಂದು ಪಲ್ಲಟವನ್ನು ಗುರುತಿಸಬೇಕು. ಹಾಡಿನಲ್ಲಿ ಹೆಣ್ಣು ತವರಿಗೆ ಹೋಗುತ್ತಾಳೆ. ಚಿತ್ರದಲ್ಲಿ ತವರೇ ತಮ್ಮನ ರೂಪದಲ್ಲಿ ಅವಳ ಮನೆಗೆ ಬರುತ್ತದೆ. ಗರತಿ ಹಾಡಿನಲ್ಲಿ ಬೇಡಿಕೊಂಡ ವರ ಇಲ್ಲಿ ಫಲಿಸಿದಂತಿದೆ. ಆದರೆ ಈ ಫಲದೊಡನೆ ದುಃಖದ ಒಡೆತನವೂ ಬದಲಾಗುತ್ತದೆ. ಹಾಡಿನಲ್ಲಿ ನೋವು ಅವಳದು, ದನಿಯೂ ಅವಳದೇ. ಚಿತ್ರದಲ್ಲಿ ನೋವು ತಮ್ಮನದಾಗುತ್ತದೆ. ಅಕ್ಕ ಆ ನೋವಿಗೆ ಸಾಕ್ಷಿಯಾಗಿ ಉಳಿಯುತ್ತಾಳೆ. ಮನೆಯ ಹಂಬಲವೆಂಬ ಹೆಣ್ಣಿನ ಅನುಭವವನ್ನು ಚಲನಚಿತ್ರ ಗಂಡಿಗೆ ವರ್ಗಾಯಿಸಿತು.

ಇದೇ ಕಾಲದಲ್ಲಿ ಕಣ್ಣೀರನ್ನು ಬೇರೆ ರೀತಿಯಲ್ಲಿ ಬಳಸಿದ ಚಿತ್ರಗಳೂ ಬಂದವೆಂಬುದನ್ನು ಮರೆಯುವಂತಿಲ್ಲ. ಪುಟ್ಟಣ್ಣ ಕಣಗಾಲ್ ಅವರ 'ಗೆಜ್ಜೆಪೂಜೆ' (೧೯೬೯) ಎಂ.ಕೆ. ಇಂದಿರಾ ಅವರ ಕಾದಂಬರಿಯನ್ನೂ, 'ಶರಪಂಜರ' (೧೯೭೧) ತ್ರಿವೇಣಿಯವರ ಕಾದಂಬರಿಯನ್ನೂ ಆಧರಿಸಿವೆ. 'ಶರಪಂಜರ'ದ ಕಾವೇರಿ ಮಾನಸಿಕ ಕಾಯಿಲೆಯಿಂದ ಗುಣಮುಖಳಾಗಿ ಮರಳಿದರೂ ಮನೆ ಅವಳನ್ನು ಒಪ್ಪುವುದಿಲ್ಲ. ಅವಳ ಅಳು ಯಾರ ತ್ಯಾಗವನ್ನೂ ಬೆಳಗಿಸುವುದಕ್ಕಾಗಿ ಇಲ್ಲ; ಅದು ಗಂಡನ ಮೇಲೆ, ಮನೆಯ ಮೇಲೆ ಹೊರಿಸಿದ ಆರೋಪ. ಲೇಖಕಿಯರ ಕಾದಂಬರಿಗಳ ಮೂಲಕ ಜನಪದದ ಮೂರನೆಯ ನಿಲುವು, ಎಂದರೆ ದೂರು, ಪರದೆಗೆ ಬಂದಿತೆನ್ನಬಹುದು. ಈ ಚಿತ್ರಗಳನ್ನೂ ತ್ಯಾಗದ ಚಿತ್ರಗಳನ್ನೂ 'ಅಳುಮುಂಜಿ' ಎಂಬ ಒಂದೇ ಹಣೆಪಟ್ಟಿಯಡಿ ತರುವುದು ಸರಿಯಾಗದು.

೧೯೭೦ರ 'ಸಂಸ್ಕಾರ'ದಿಂದ ಆರಂಭವಾದ ಹೊಸ ಅಲೆಯ ಚಿತ್ರಗಳು ಕಣ್ಣೀರಿನಿಂದ ದೂರ ನಿಂತವು. ಗೋವಿನ ಹಾಡಿನ ವಸ್ತುವನ್ನು ಒಳಗೊಂಡ ಎಸ್.ಎಲ್. ಭೈರಪ್ಪನವರ ಕಾದಂಬರಿಯನ್ನು ಆಧರಿಸಿದ 'ತಬ್ಬಲಿಯು ನೀನಾದೆ ಮಗನೆ' (೧೯೭೭) ಕೂಡ ಆ ಹಾಡಿನ ಭಾವವನ್ನು ಪ್ರಶ್ನೆಯಾಗಿ ಎತ್ತಿಕೊಂಡಿತು. ಹೊಸ ಅಲೆಯ ಸಾಧನೆ ನಿರ್ವಿವಾದವಾದುದು. ಆದರೆ ಅದರ ಜೊತೆಗೆ ಬೆಳೆದ ವಿಮರ್ಶೆ, ಅಳುವ ಪ್ರೇಕ್ಷಕಿ ಯೋಚಿಸಲಾರಳೆಂಬ ಗ್ರಹಿಕೆಯನ್ನೂ ತನ್ನೊಡನೆ ತಂದಿತು. ಈ ಗ್ರಹಿಕೆಯನ್ನು ಮರುಪರಿಶೀಲಿಸುವ ಅಗತ್ಯವಿದೆ.

೫. ಪ್ರೇಕ್ಷಕಿಯ ಅಳತೆಗೋಲು

ಭಾವುಕ ಚಿತ್ರಗಳ ಬಗೆಗೆ ಹಳೆಯ ತಲೆಮಾರಿನ ಪ್ರೇಕ್ಷಕಿಯರು ಆಡುವ ಮಾತುಗಳಲ್ಲಿ ಮೂರು ಅಳತೆಗೋಲುಗಳು ಮರುಕಳಿಸುತ್ತವೆ.

ಒಂದು, ನಡವಳಿಕೆಯ ಔಚಿತ್ಯ. 'ಯಾವ ಅಣ್ಣ ಹಂಗೆ ಮಾತಾಡ್ತಾನೆ?' 'ಹೆತ್ತೋಳು ಹಂಗೆ ಬಾಗಿಲು ಹಾಕ್ಕೊಂತಾಳಾ?' ಎಂಬಂಥ ಆಕ್ಷೇಪಗಳು ಕಥೆಯ ಸಂಭಾವ್ಯತೆಯನ್ನು ನಂಟಸ್ತನದ ನಿಯಮಗಳಿಂದ ಅಳೆಯುತ್ತವೆ. ವಾಸ್ತವವಾದಿ ವಿಮರ್ಶೆ ಕೇಳುವ 'ಇದು ನಡೆಯಲು ಸಾಧ್ಯವೇ' ಎಂಬ ಪ್ರಶ್ನೆಯನ್ನೇ ಇವರು ಸಂಬಂಧದ ಭಾಷೆಯಲ್ಲಿ ಕೇಳುತ್ತಾರೆ.

ಎರಡು, ಸಂಯಮ. 'ಅಳಿಸ್ತಾರೆ, ಅಳು ಬರಲ್ಲ' ಎಂಬ ಮಾತು ಹೇರಿದ ಭಾವುಕತೆಯನ್ನೂ ಸಹಜವಾದ ಕರುಣೆಯನ್ನೂ ಬೇರ್ಪಡಿಸುತ್ತದೆ. 'ಕಸ್ತೂರಿ ನಿವಾಸ'ದ ನಾಯಕ ತನ್ನ ಬಡತನವನ್ನು ಹೇಳಿಕೊಳ್ಳುವುದಿಲ್ಲ. ಹೇಳದಿರುವುದೇ ನೋಡುವವರ ಕಣ್ಣನ್ನು ತುಂಬಿಸುತ್ತದೆ. ಬೀಸುವ ಪದದಲ್ಲಿಯೂ ಮೂರೇ ಸಾಲಿನ ಮಿತಿಯಿದೆ. ಆ ಮಿತಿಯೊಳಗೆ ದುಃಖವನ್ನು ಅಡಕಿಸಲು ಕಲಿತ ಕಿವಿಗೆ ಉದ್ದುದ್ದದ ಸಂಭಾಷಣೆ ಹಿಡಿಸದಿರುವುದು ಸಹಜ.

ಮೂರು, ನ್ಯಾಯ. ಕಷ್ಟಪಟ್ಟವರಿಗೆ ಕೊನೆಗೆ ಏನು ಸಿಕ್ಕಿತು ಎಂಬುದು ಚಿತ್ರದ ಕುರಿತ ಮಾತಿನಲ್ಲಿ ತಪ್ಪದೆ ಬರುವ ಪ್ರಶ್ನೆ. ಸುಖಾಂತವೇ ಬೇಕೆಂದು ಇದರರ್ಥವಲ್ಲ. ಹುಲಿ ಸತ್ತರೂ ಗೋವಿನ ಹಾಡು ನ್ಯಾಯವಾಗಿ ಮುಗಿಯುತ್ತದೆ. ಮಾತು ಉಳಿಯಿತೇ, ತಪ್ಪು ಮಾಡಿದವರಿಗೆ ತಪ್ಪಿನ ಅರಿವಾಯಿತೇ ಎಂಬುದು ಇಲ್ಲಿಯ ಮಾನದಂಡ. ರಾಜೀವ ಮನೆ ಬಿಟ್ಟುಹೋದುದು ಸರಿಯೋ ತಪ್ಪೋ ಎಂಬ ಚರ್ಚೆ ನಡೆಯುವುದು ಈ ಮಾನದಂಡದಿಂದಲೇ.

ಈ ಅಳತೆಗೋಲುಗಳಿಗೆ ಮಿತಿಯೂ ಇದೆ. ನಂಟಸ್ತನದ ನಿಯಮವನ್ನೇ ಪ್ರಮಾಣವಾಗಿ ಇಟ್ಟುಕೊಂಡಾಗ ಆ ನಿಯಮವೇ ಅನ್ಯಾಯವಾಗಿರುವ ಕಡೆ ತೀರ್ಪು ಕುಂಠಿತವಾಗುತ್ತದೆ. 'ಹೆಣ್ಣು ಸಹಿಸಬೇಕು' ಎಂಬ ಮಾತನ್ನು ಚಿತ್ರ ಹೇಳಿದರೆ ಅದನ್ನು ಒಪ್ಪುವ ಪ್ರೇಕ್ಷಕಿಯರೂ ಇರುತ್ತಾರೆ. ಜನಪದವೆಂಬ ಕಾರಣಕ್ಕೆ ಎಲ್ಲವೂ ಪ್ರಗತಿಪರವೆಂದು ಭಾವಿಸುವುದು ಸಂಶೋಧನೆಗೆ ನೆರವಾಗುವುದಿಲ್ಲ. ಈ ಮಿತಿ ಸ್ಪಷ್ಟವಾಗಿ ಕಾಣುವುದು ೧೯೯೦ರ ದಶಕದ ನಂತರದ ತವರಿನ ಚಿತ್ರಗಳಲ್ಲಿ.

೬. ತವರಿನ ಚಿತ್ರಗಳು ಮತ್ತು ಭಾಗದ ಪ್ರಶ್ನೆ

ಎಸ್. ನಾರಾಯಣ್ ಅವರ 'ತವರಿನ ತೊಟ್ಟಿಲು' ೧೯೯೬ರಲ್ಲಿ ಬಂದಿತು. 'ತಾಯಿ ಇಲ್ಲದ ತಬ್ಬಲಿ' (೨೦೦೩) ಹಾಗೂ ಸಾಯಿಪ್ರಕಾಶ್ ಅವರ 'ತವರಿಗೆ ಬಾ ತಂಗಿ' (೨೦೦೨), 'ಅಣ್ಣ ತಂಗಿ' (೨೦೦೫), 'ದೇವರು ಕೊಟ್ಟ ತಂಗಿ' (೨೦೦೯) ಇದೇ ಸಾಲಿಗೆ ಸೇರುತ್ತವೆ. ಈ ಹೆಸರುಗಳಲ್ಲಿ ತವರು, ತಬ್ಬಲಿ, ತೊಟ್ಟಿಲು ಎಂಬ ಪದಗಳು ನೇರವಾಗಿ ಜನಪದ ಗೀತೆಯ ಪದಕೋಶದಿಂದ ಬಂದಿವೆ. ಹಳ್ಳಿ ಮತ್ತು ಸಣ್ಣ ಪಟ್ಟಣಗಳ ಹೆಣ್ಣುಮಕ್ಕಳನ್ನು ಚಿತ್ರಮಂದಿರಕ್ಕೆ ಕರೆತರುವ ಶಕ್ತಿ ಆ ಪದಗಳಿಗಿದೆಯೆಂದು ಚಿತ್ರೋದ್ಯಮ ಅರಿತಿತ್ತು.

ಇದೇ ಕಾಲಘಟ್ಟದಲ್ಲಿ ಮಗಳ ಹಕ್ಕಿನ ಕುರಿತು ಕಾನೂನು ಬದಲಾಗುತ್ತಿದ್ದಿತು. ಹಳೆಯ ಮೈಸೂರು ಸಂಸ್ಥಾನ ೧೯೩೩ರಲ್ಲಿಯೇ ಹಿಂದೂ ಸ್ತ್ರೀಯರ ಹಕ್ಕುಗಳ ಕುರಿತು ಕಾಯಿದೆ ತಂದಿದ್ದಿತು. ೧೯೫೬ರ ಹಿಂದೂ ಉತ್ತರಾಧಿಕಾರ ಅಧಿನಿಯಮ ತಂದೆಯ ಸ್ವಂತ ಆಸ್ತಿಯಲ್ಲಿ ಮಗಳಿಗೆ ಹಕ್ಕು ಕೊಟ್ಟರೂ ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಬರುವ ಹಕ್ಕನ್ನು ಅವಳಿಗೆ ಕೊಟ್ಟಿರಲಿಲ್ಲ. ಆಂಧ್ರಪ್ರದೇಶ, ತಮಿಳುನಾಡುಗಳ ನಂತರ ಕರ್ನಾಟಕವೂ ತಿದ್ದುಪಡಿ ತಂದು, ೧೯೯೪ರ ಜುಲೈ ೩೦ರಿಂದ ಮಗಳನ್ನು ಮಗನಂತೆಯೇ ಹುಟ್ಟಿನಿಂದ ಹಕ್ಕುದಾರಳೆಂದು ಮಾನ್ಯಮಾಡಿತು. ಅದಕ್ಕೆ ಮೊದಲೇ ಮದುವೆಯಾಗಿದ್ದ ಹೆಣ್ಣುಮಕ್ಕಳನ್ನು ಈ ತಿದ್ದುಪಡಿ ಹೊರಗಿಟ್ಟಿತ್ತು. ೨೦೦೫ರ ಸೆಪ್ಟೆಂಬರ್ ೯ರಂದು ಜಾರಿಗೆ ಬಂದ ಕೇಂದ್ರ ತಿದ್ದುಪಡಿ ಮದುವೆಯಾದ, ಆಗದ ಮಗಳೆಂಬ ಭೇದವನ್ನು ಕೈಬಿಟ್ಟಿತು. ಆ ದಿನ ತಂದೆ ಬದುಕಿರಲೇಬೇಕೆಂಬ ನಿಬಂಧನೆ ಇಲ್ಲವೆಂದು ಸರ್ವೋಚ್ಚ ನ್ಯಾಯಾಲಯ ೨೦೨೦ರಲ್ಲಿ ಸ್ಪಷ್ಟಪಡಿಸಿತು.

ಕಾನೂನು ಬದಲಾದುದರಿಂದಲೇ ಈ ಚಿತ್ರಗಳು ಬಂದವೆಂದು ಹೇಳಲು ಆಧಾರವಿಲ್ಲ. ಆದರೆ ಎರಡೂ ಒಂದೇ ಕಾಲದಲ್ಲಿ, ಒಂದೇ ಮನೆಗಳನ್ನು ತಲುಪಿದವೆಂಬುದು ಸತ್ಯ. ಕಾನೂನು 'ಮಗಳಿಗೆ ಭಾಗವಿದೆ' ಎಂದಿತು. ತವರಿನ ಚಿತ್ರಗಳ ಭಾವಪ್ರಪಂಚ ನಿಂತಿದ್ದುದು ಅಣ್ಣ ಕೊಡುವ ಪ್ರೀತಿಯ ಮೇಲೆ. ತಂಗಿ ಕೇಳುವ ಹಕ್ಕಿನ ಮೇಲಲ್ಲ. ಒಳ್ಳೆಯ ಅಣ್ಣ ತಾನಾಗಿಯೇ ಎಲ್ಲವನ್ನೂ ಕೊಡುತ್ತಾನೆ, ಒಳ್ಳೆಯ ತಂಗಿ ಏನನ್ನೂ ಕೇಳುವುದಿಲ್ಲ ಎಂಬುದು ಅವುಗಳ ಆದರ್ಶ. ಮೇಲೆ ಹೇಳಿದ ಪದಗಳಲ್ಲಿ ಇರಿಸಿದರೆ, ಭಾಗದ ಕಾಲದಲ್ಲಿ ಅವು ಬಾಗಿನವನ್ನು ಹಾಡಿದವು.

ಗ್ರಾಮೀಣ ಕರ್ನಾಟಕದಲ್ಲಿ ಜಮೀನು ಅಣ್ಣತಮ್ಮಂದಿರ ಹೆಸರಿಗೆ ಆಗುವ ಮುನ್ನ ಅಕ್ಕತಂಗಿಯರನ್ನು ನೋಂದಣಿ ಕಚೇರಿಗೆ ಕರೆಸಿ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವ ರೂಢಿ ವ್ಯಾಪಕವಾಗಿದೆ. ಅಂದು ಅವರಿಗೆ ಒಂದು ಸೀರೆ, ಒಂದು ಊಟ ಸಲ್ಲುವುದುಂಟು. ಸಹಿ ಹಾಕದಿದ್ದರೆ ತವರಿನ ಬಾಗಿಲು ಮುಚ್ಚುವುದೆಂಬ ಭಯ ಆ ಸಹಿಯ ಹಿಂದೆ ಇರುತ್ತದೆ. ಬೀಸುವ ಪದದಲ್ಲಿ ಅತ್ತಿಗೆಯ ಬಾಗಿಲಿಗೆ ಅಂಜಿದ ಹೆಣ್ಣು ಅಂಜಿದುದೂ ಇದಕ್ಕೇ. ತವರಿನ ಚಿತ್ರ ಈ ಭಯವನ್ನು ಹುಟ್ಟುಹಾಕಲಿಲ್ಲ. ಆದರೆ ಹಾಡು ಹೆಸರಿಟ್ಟು ಹೇಳಿದ ಭಯವನ್ನು ಅದು ಪ್ರೀತಿಯ ಹೆಸರಿನಲ್ಲಿ ಮುಚ್ಚಿತು. ಅಳುತ್ತಾ ಮನೆಗೆ ಮರಳಿದ ಪ್ರೇಕ್ಷಕಿಯರಲ್ಲಿ ಅನೇಕರು 'ಅಂಥ ಅಣ್ಣ ಇದ್ದಿದ್ರೆ' ಎಂದು ಹೇಳುವುದುಂಟು. ಈ ಮಾತನ್ನು ಚಿತ್ರದ ಹೊಗಳಿಕೆ ಎಂದು ದಾಖಲಿಸುವುದು ಸುಲಭ. ಇಂಥ ಅಣ್ಣ ಇಲ್ಲವೆಂಬ ದೂರು ಅದರೊಳಗೆ ಅಡಗಿದೆ. ಪದದ ಮೂರನೆಯ ನಿಲುವು ಚಿತ್ರದಲ್ಲಿ ದನಿ ಕಳೆದುಕೊಂಡರೂ ಪ್ರೇಕ್ಷಕಿಯ ಅಭಿಪ್ರಾಯದಲ್ಲಿ ಉಳಿದುಕೊಂಡಿದೆ ಎಂಬುದಕ್ಕೆ ಇದು ನಿದರ್ಶನ.

ಇನ್ನೊಂದು ಕಡೆಯಿಂದಲೂ ಯೋಚಿಸಬೇಕು. ಭಾಗ ಕೇಳಿ ಪಡೆದವಳಿಗೆ ತವರಿನ ಹಬ್ಬ, ಕರೆ, ಬಾಣಂತನಗಳು ನಿಂತುಹೋಗುವುದಾದರೆ ಆಕೆ ಕಳೆದುಕೊಳ್ಳುವುದೂ ಸಣ್ಣದೇನಲ್ಲ. ಭಾಗೀರಥಿಯ ತಂದೆ ಹೊಲಮನೆಯ ಮಾತನಾಡಿದಾಗ ಆಕೆಗೆ ಬೇಕಾಗಿದ್ದುದು ಬೇರೆಯೇ ಆಗಿತ್ತು. ಭಾಗವೂ ಇರಬೇಕು, ಬಾಗಿನವೂ ನಿಲ್ಲಬಾರದು ಎಂಬ ಬೇಡಿಕೆಯನ್ನು ಚಿತ್ರವಾಗಲಿ ಕಾಯಿದೆಯಾಗಲಿ ಪೂರ್ಣವಾಗಿ ಎತ್ತಿಕೊಂಡಿಲ್ಲ.

೭. ಚಿತ್ರವೇ ತವರಾದಾಗ

ದೂರದರ್ಶನದಲ್ಲಿ ಪ್ರಸಾರವಾದ ಕನ್ನಡ ಚಿತ್ರಗಳು, ೧೯೯೪ರಲ್ಲಿ ಆರಂಭವಾದ ಉದಯ ವಾಹಿನಿ ಹಾಗೂ ಅನಂತರದ ಖಾಸಗಿ ವಾಹಿನಿಗಳ ಧಾರಾವಾಹಿಗಳು ಭಾವುಕ ಕಥೆಯನ್ನು ಮನೆಯೊಳಗೆ ತಂದವು. ಡೇರೆಯ ಹೆಂಗಸರ ಜಾಗ ಇಲ್ಲವಾಯಿತು. ಅಳುವುದೂ ಮಾತನಾಡುವುದೂ ಮನೆಯವರ ನಡುವೆ, ಅಡಿಗೆ ಕೆಲಸದ ನಡುವೆ ನಡೆಯತೊಡಗಿತು.

ಇದೇ ಕಾಲದಲ್ಲಿ ಹಳೆಯ ಚಿತ್ರಗಳ ಮರುಬಿಡುಗಡೆ ಹೊಸದೊಂದು ಹಂಬಲವನ್ನು ಹೊರತಂದಿತು. ೧೯೬೫ರ 'ಸತ್ಯ ಹರಿಶ್ಚಂದ್ರ' ಬಣ್ಣ ತಳೆದು ೨೦೦೮ರಲ್ಲಿಯೂ, 'ಕಸ್ತೂರಿ ನಿವಾಸ' ಹಾಗೆಯೇ ೨೦೧೪ರಲ್ಲಿಯೂ ಮತ್ತೆ ತೆರೆಕಂಡವು. ಹಳೆಯ ಪ್ರೇಕ್ಷಕರು ಮಕ್ಕಳು ಮೊಮ್ಮಕ್ಕಳನ್ನು ಕರೆದುಕೊಂಡು ಬಂದರು. ಅವರ ಹಂಬಲ ಈಗ ಚಿತ್ರದ ಕಥೆಗಷ್ಟೇ ಸೇರಿರಲಿಲ್ಲ. ಆ ಚಿತ್ರವನ್ನು ಮೊದಲು ನೋಡಿದ ಊರು, ಜೊತೆಗೆ ಕುಳಿತಿದ್ದ ತಾಯಿ, ಅಂದಿನ ಡೇರೆ ಇವೆಲ್ಲವೂ ಅದರೊಡನೆ ಬೆರೆತಿದ್ದವು. ಚಿತ್ರವೇ ತವರಾದ ಸಂದರ್ಭವಿದು. ಹಬ್ಬಕ್ಕೆ ಮಗಳು ತವರಿಗೆ ಬರುವಂತೆ ಪ್ರೇಕ್ಷಕರು ಹಳೆಯ ಚಿತ್ರಕ್ಕೆ ಬಂದರು. ಬಣ್ಣ ಹಚ್ಚಿದುದು ಸರಿಯೇ ಎಂಬ ಪ್ರಶ್ನೆಗೆ ಎರಡು ಬಗೆಯ ಉತ್ತರ ಸಹಜ. ಮಕ್ಕಳು ಕುಳಿತು ನೋಡುವಂತಾಯಿತೆಂಬುದು ಒಂದು. ಕಪ್ಪುಬಿಳುಪಿನಲ್ಲಿ ಕಂಡ ಮುಖ ಬೇರೆಯೇ ಇತ್ತೆಂಬುದು ಇನ್ನೊಂದು. ಎರಡನೆಯ ಉತ್ತರ, ರಿಪೇರಿಯಾದ ತವರುಮನೆಯನ್ನು ನೋಡಿ ಹಳೆಯ ಪಡಸಾಲೆಯನ್ನು ನೆನೆಯುವ ಮಗಳ ಮಾತಿಗೆ ಹತ್ತಿರವಾದುದು.

೮. ಸಮಾರೋಪ

ಕನ್ನಡದ ಭಾವುಕ ಚಿತ್ರಗಳು ಜನಪದ ಕರುಣೆಯ ಮುಂದುವರಿಕೆ ಎಂಬ ಮಾತು ಅರ್ಧಸತ್ಯ. ಅವು ಜನಪದದಿಂದ ಹರಕೆಯನ್ನೂ ನಿರೀಕ್ಷೆಯನ್ನೂ ಧಾರಾಳವಾಗಿ ಪಡೆದವು. ದೂರನ್ನು ಮಾತ್ರ ಬಹುಮಟ್ಟಿಗೆ ಹಿಂದೆ ಬಿಟ್ಟವು. ಲೇಖಕಿಯರ ಕಾದಂಬರಿಗಳನ್ನು ಆಧರಿಸಿದ ಕೆಲವು ಚಿತ್ರಗಳು ಇದಕ್ಕೆ ಅಪವಾದ. ಪರದೆ ಬಿಟ್ಟ ಆ ಅಂಶವನ್ನು ಪ್ರೇಕ್ಷಕಿಯರು ತಮ್ಮ ಮಾತಿನಲ್ಲಿ ಕಾಯ್ದುಕೊಂಡರು. ಆದುದರಿಂದ ಚಿತ್ರವನ್ನು ಮಾತ್ರ ನೋಡಿ ಅದರ ಪ್ರೇಕ್ಷಕರನ್ನು ಅಳೆಯುವುದು ತಪ್ಪು ತೀರ್ಮಾನಕ್ಕೆ ಎಡೆಮಾಡುತ್ತದೆ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಗರತಿಯ ಹಾಡನ್ನು ಸಂಗ್ರಹಿಸಲು ಹೊರಟವರಿಗೆ ಅದು ಸಾಹಿತ್ಯವೇ ಎಂಬ ಪ್ರಶ್ನೆ ಎದುರಾಗಿತ್ತು. ಚಿತ್ರ ನೋಡಿ ಬಂದ ಹೆಣ್ಣುಮಕ್ಕಳ ಮಾತು ವಿಮರ್ಶೆಯೇ ಎಂಬ ಪ್ರಶ್ನೆ ಇಂದು ಅದೇ ಸ್ಥಿತಿಯಲ್ಲಿದೆ. ಬೀಸುವ ಪದವನ್ನೂ ಡೇರೆಯ ಚಿತ್ರವನ್ನೂ ಒಟ್ಟಿಗೆ ಬಲ್ಲ ತಲೆಮಾರು ಈಗ ವೃದ್ಧಾಪ್ಯದಲ್ಲಿದೆ. ಅವರು ಹಾಡಿದ ಪದಗಳು ಸಂಕಲನಗಳಲ್ಲಿ ಉಳಿದಿವೆ, ಅವರು ನೋಡಿದ ಚಿತ್ರಗಳು ಸುರುಳಿಗಳಲ್ಲಿ ಉಳಿದಿವೆ. ಆ ಚಿತ್ರಗಳನ್ನು ಕುರಿತು ಅವರು ಆಡಿದ ಮಾತು ಮಾತ್ರ ಇನ್ನೂ ಎಲ್ಲಿಯೂ ಕ್ರಮಬದ್ಧವಾಗಿ ಸೇರಿಲ್ಲ. ಕ್ಷೇತ್ರಕಾರ್ಯಕ್ಕೆ ಹೋಗುವ ಜಾನಪದ ವಿದ್ಯಾರ್ಥಿ ಹಾಡನ್ನು ಬರೆದುಕೊಂಡ ಮೇಲೆ ಹಾಳೆಯನ್ನು ಮಡಿಸದೆ, ಯಾವ ಚಿತ್ರ ನೋಡಿ ಅತ್ತಿರಿ, ಏಕೆ ಅತ್ತಿರಿ, ಯಾವುದಕ್ಕೆ ಅಳು ಬರಲಿಲ್ಲ ಎಂದೂ ಕೇಳಿದರೆ ಕನ್ನಡ ಚಲನಚಿತ್ರದ ಚರಿತ್ರೆಗೆ ಇದುವರೆಗೆ ಇಲ್ಲದ ಒಂದು ಆಕರ ಒದಗೀತು.